ಕಂಬದ ಆಚೆ

ಚೌಕಟ್ಟಿನೊಳಗೆ ಅಡ್ಡ ಎರಡು, ಉದ್ದ ಎರಡು ಗೆರೆ ಎಳೆದುಕೊ, ಅವು ಕೂಡುವ ಕಡೆ ಮುಖ್ಯ ಮನುಷ್ಯನನ್ನು ನಿಲ್ಲಿಸು ಎಂದು ನನಗೆ ಕ್ಯಾಮೆರಾ ಹಿಡಿಯಲು ಕಲಿಸಿದವರು ಹೇಳಿದ್ದರು. ಆದವಾನಿಯ ಮದುವೆಗಳಲ್ಲಿ ಆ ವಿದ್ಯೆ ಯಾವ ಕೆಲಸಕ್ಕೂ ಬರಲಿಲ್ಲ. ಗಂಡು ಹೆಣ್ಣು ನಟ್ಟನಡುವೆ, ಉಳಿದವರು ಹತ್ತಿ ಮೂಟೆ ಪೇರಿಸಿದ ಹಾಗೆ ಎಡಬಲಕ್ಕೆ. ಇಲ್ಲಿ ನಾನು ಕಲಿತ ಗೆರೆ ಬೇರೆ.

ಗುಂಪು ಫೋಟೋಕ್ಕೆ ನಿಂತಾಗ ಮನೆಯ ಹಿರಿಯರು ಯಾರಾದರೂ ಬಂದು, "ಆಕಿನ್ನ ಕಡೀಕ ನಿಲ್ಲಸ್ರಿ" ಎಂದು ಪಿಸುಗುಡುತ್ತಿದ್ದರು. ಆಕೆ ಎಂದರೆ ಗಂಡ ಸತ್ತವಳು. ಕರೆದು ನಿಲ್ಲಿಸಿದ ಹಾಗೂ ಆಗಬೇಕು, ಗೋಡೆಗೆ ತೂಗುವ ಪಟದಲ್ಲಿ ಆ ಅಪಶಕುನ ಇರಲೂಬಾರದು. ನಾನು ಅಂಥವರನ್ನು ಚಪ್ಪರದ ಕಂಬದ ಆಚೆ ನಿಲ್ಲಿಸುತ್ತಿದ್ದೆ. ಅಂಗಡಿಗೆ ಬಂದು ಕಂಪ್ಯೂಟರಿನಲ್ಲಿ ಕಂಬದ ನೇರಕ್ಕೆ ಕತ್ತರಿಸಿದರೆ ಮುತ್ತೈದೆಯರ ಸೀರೆಯ ಸೆರಗೂ ತುಂಡಾಗುತ್ತಿರಲಿಲ್ಲ. ಈ ಕೆಲಸದಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ಅದರ ಬಗ್ಗೆ ಹೆಮ್ಮೆ ಬೇರೆ ಇತ್ತು, ನಾಚಿಕೆಗೆಟ್ಟವನಿಗೆ.

ನನ್ನ ತಂಗಿಯ ಗಂಡ ತೀರಿಕೊಂಡಾಗ ಅವಳ ಮಗಳಿಗೆ ಇನ್ನೂ ಹಾಲುಹಲ್ಲು. ಹತ್ತಿ ಬಿಡಿಸುವ ಜಿನ್ನಿಂಗ್ ಮಿಲ್ಲಿನಲ್ಲಿ ದುಡಿದು ಒಬ್ಬಳೇ ಮಗಳನ್ನು ಬೆಳೆಸಿದಳು. ಆ ಹುಡುಗಿಗೆ ಕೌತಾಳಂ ಕಡೆಯ ಸಂಬಂಧ ಕುದುರಿತು. ಸೋದರಮಾವನೂ ನಾನೇ, ಫೋಟೋದವನೂ ನಾನೇ. ಅಕ್ಕಿಕಾಳು ಬಿದ್ದ ಮೇಲೆ ಎಲ್ಲರನ್ನೂ ಸಾಲಾಗಿ ನಿಲ್ಲಿಸುತ್ತಿದ್ದಾಗ ಗಂಡಿನ ದೊಡ್ಡಪ್ಪ ಬಳಿಗೆ ಬಂದು, "ಇದು ನಮ್ಮ ಪಡಸಾಲ್ಯಾಗ ಹಾಕೋ ಫೋಟೋ ರೀ. ಅರ್ಥಂ ಆತಲ್ಲ?" ಎಂದರು.

ಅರ್ಥವಾಗಿತ್ತು. ಗಂಡಿನ ಕಡೆಯವರು, ಈಗತಾನೇ ತಾಳಿ ಕಟ್ಟಿದೆ, ತಕರಾರು ಯಾಕೆ ಎಂದುಕೊಂಡೆ. ಹೇಡಿಗೆ ನೆಪ ಸಿಗುವುದು ಕಷ್ಟವಲ್ಲ. ನಾನು ಬಾಯಿ ತೆರೆಯುವ ಮೊದಲೇ, ಗಂಡು ಹೆಣ್ಣು ಬಂದು ನಡುವೆ ನಿಲ್ಲುವ ಮುಂಚೆಯೇ, ತಂಗಿ ಸಾಲು ಬಿಟ್ಟು ಕಂಬದ ಆಚೆ ಹೋಗಿ ನಿಂತಳು. ಎಷ್ಟೋ ಮದುವೆಗಳಲ್ಲಿ ನನ್ನ ಕೆಲಸ ನೋಡಿದವಳು ಅವಳು.

"ಇಷ್ಟು ದೂರ ಸಾಕೇನಣ್ಣ?"

ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ಹ್ಞೂಂ ಎಂದೆ. ಗಂಡು ಹೆಣ್ಣು ಬಂದು ನಿಂತೊಡನೆ ಬಟನ್ ಒತ್ತಿದೆ. ಆ ವಾರವೇ ಕತ್ತರಿಸಿ, ದೊಡ್ಡದು ಮಾಡಿ, ಕಟ್ಟು ಹಾಕಿಸಿ ಕೊಟ್ಟೆ.

ತಿಂಗಳು ಕಳೆದು ಹುಡುಗಿ ತವರಿಗೆ ಬಂದಾಗ ಅದರದೇ ಸಣ್ಣ ಪ್ರತಿಯೊಂದನ್ನು ತಾಯಿಗೆಂದು ತಂದಿದ್ದಳು. ನಾನೂ ಅಲ್ಲಿದ್ದೆ. ಅವಳ ಬೆರಳು ಎಡದಿಂದ ಬಲಕ್ಕೆ ಒಬ್ಬೊಬ್ಬರ ಮುಖದ ಮೇಲೂ ಹೋಗಿ ಮತ್ತೆ ಹಿಂದಕ್ಕೆ ಬಂತು.

"ಅವ್ವಾ, ಇದರಾಗ ನೀ ಎಲ್ಲಿ ಅದಿ?"

ತಂಗಿ ನನ್ನ ಕಡೆ ನೋಡಲಿಲ್ಲ. "ನಾ ಊಟದ ಕಡೆ ಇದ್ನೆವ್ವ. ನಿಮ್ಮ ಮಾವ ಮೂರು ಸರ್ತಿ ಕರದ. ನಾನಽ ಬರ್ಲಿಲ್ಲ."

"ಮಾವ ಅಷ್ಟು ಕರದ್ರೂ ಬರ್ಲಿಲ್ಲಲ್ಲ, ಎಂಥಾಕಿ ಅದಿ ನೀನು!" ಎಂದು ಹುಡುಗಿ ಕಣ್ಣಲ್ಲಿ ನೀರು ತುಂಬಿಕೊಂಡು ತಾಯಿಯನ್ನು ಬೈದಳು.

ಒಂದು ಸರ್ತಿಯೂ ಕರೆಯದ ನಾನು ಅಲ್ಲೇ ಕೂತು ಚಹಾ ಕುಡಿದೆ.