ಆ ರಿಸರ್ಚಿನ್ಯಾಗಿನ ಮುದುಕಿ ನಾನ

ಹೋದ ವಾರ ತಿಕೋಟಾಕ್ಕ ತಂಗಿ ಶಾಂತವ್ವನ ಮನಿಗೆ ಹೋಗಿದ್ದೆ. ಆಕಿ ಮೊಬೈಲ್‌ನ್ಯಾಗ ಒಂದು ವಿಡಿಯೋ ತೋರಿಸಿದ್ಳು. ಬಿಳಿ ಕೋಟು ಹಾಕ್ಕೊಂಡವ ಒಬ್ಬ ಹೇಳಾಕತ್ತಿದ್ದ. ನಿಡೋಣಿ ಅನ್ನೂ ಊರಾಗ ಒಬ್ಬಾಕಿ ಮುದುಕಿ ಅದಾಳಂತ. ಗುಳಿಗಿ ಮುಟ್ಟಂಗಿಲ್ಲಂತ. ‘ರೊಟ್ಟೀನ ನನ್ನ ಗುಳಿಗಿ’ ಅಂತಾಳಂತ. ಬರೇ ಜ್ವಾಳದ ರೊಟ್ಟಿ, ಮೆಂತೆ ಪಲ್ಯ ತಿಂದು ಸಕ್ಕರಿ ಬ್ಯಾನಿ ಗೆದ್ದಾಳಂತ. ರಿಸರ್ಚ್ ಆಗೇತಂತ.

ಆ ಮುದುಕಿ ನಾನ್ರಿ.

(ನಗಬ್ಯಾಡ್ರಿ. ಮುಂದ ಕೇಳ್ರಿ.)

ಹೋದ ವರ್ಷ ವಿಜಯಪುರದಿಂದ ಪಿಎಚ್‌ಡಿ ಮಾಡೂ ಹುಡುಗಿ ಒಬ್ಬಾಕಿ ನಮ್ಮೂರಿಗೆ ಬಂದಿದ್ಳು. ಸಕ್ಕರಿ ಬ್ಯಾನಿಯವರು ಏನು ಉಣ್ತಾರ ಅಂತ ಬರಕೊಳ್ಳಾಕ. ಕಟ್ಟಿ ಮ್ಯಾಲ ಕುಂತು ನನ್ನ ಬೆರಳು ಚುಚ್ಚಿದ್ಳು. ಭಾಳ ಚಲೋ ಐತಿ, ಗುಳಿಗಿ ತಗೋತೀರೇನು ಅಂದ್ಳು. ಓಣಿ ಹೆಂಗಸರೆಲ್ಲ ನನ್ನ ಮಾರೀನ ನೋಡಾಕತ್ತಿದ್ರು. ಗುಳಿಗಿ ನುಂಗ್ತೀನಿ ಅಂತ ಅವರ ಮುಂದ ಹೆಂಗ ಒಪ್ಪಲಿ? ರೊಟ್ಟೀನ ನನ್ನ ಗುಳಿಗಿ ಅಂದುಬಿಟ್ಟೆ. ಮುಂಜಾನೆ ನುಂಗಿದ್ದ ಖರೇ ಗುಳಿಗಿ ಇನ್ನೂ ಹೊಟ್ಟ್ಯಾಗ ಇತ್ತು.

ಹುಡುಗಿ ಬರಕೊಂಡ್ಳು.

ಶಾಂತವ್ವಗೂ ಸಕ್ಕರಿ ಬ್ಯಾನಿ ಐತಿ. ಈಗ ಆ ವಿಡಿಯೋ ನೋಡಿ ಆಕಿ ಗುಳಿಗಿ ಬಿಟ್ಟು ತಿಂಗಳಾತು. ಕಾಲಿನ ಹೆಬ್ಬೆರಳಿಗೆ ಗಾಯ ಆಗೇತಿ, ಮಾಯವಲ್ದು. ಅರಿವಿ ಸುತ್ತಿ ಮುಚ್ಚಿಟ್ಟಾಳ.

ಸುಳ್ಳು ಹೇಳಿದಾಕಿ ನಾನ, ದವಾಖಾನಿಗೆ ನಡಿ ಅಂದೆ. ಆಕಿ ನಂಬಲಿಲ್ಲ. ವಿಡಿಯೋ ಕೆಳಗಿನ ಕಾಮೆಂಟ್ ಒಂದೊಂದ ಓದಿದ್ಳು. ನಮ್ಮವ್ವಗೂ ಕಡಿಮಿ ಆತು, ನಮ್ಮ ಮಾವಗೂ ಆತು ಅಂತ.

“ಇಷ್ಟು ಮಂದಿ ಲೈಕ್ ಒತ್ಯಾರ. ಅವರೆಲ್ಲ ಹುಚ್ಚರೇನಕ್ಕಾ?”

“ಅವರ್ಯಾರೂ ನನ್ನ ಗುಳಿಗಿ ಡಬ್ಬಿ ನೋಡಿಲ್ಲ ಬೇ.”

“ನಿನಗ ವಯಸ್ಸಾತು. ಏನು ನುಂಗಿದ್ದಿ ಅನ್ನೂದು ನಿನಗ ಎಲ್ಲಿ ನೆನಪಿರತೈತಿ.”

ನೋಡ್ರಿ, ನನ್ನ ಹೊಟ್ಟಿ ಸುದ್ದಿ ನನಗಿಂತ ಮೊಬೈಲಿಗೆ ಜಾಸ್ತಿ ಗೊತ್ತೈತಿ!

ಊರಿಗೆ ವಾಪಸ್ ಬಂದ ಕೂಡ್ಲೆ ಆ ಪಿಎಚ್‌ಡಿ ಹುಡುಗಿಗೆ ಫೋನ್ ಹಚ್ಚಿದೆ. ಎಲ್ಲಾ ಹೇಳಿದೆ. ಇದು ಒಂದ ಊರಿನ ಮಾತು, ಇನ್ನೂ ಭಾಳ ಮಂದಿನ್ನ ನೋಡಬೇಕು ಅಂತ ನಾ ರಿಸರ್ಚಿನ ಕಡೀಕ ಬರೆದಿದ್ದೆ ಅಂದ್ಳು. (ಕಡೀತನಕ ಓದಾವ ಯಾರು?) ತಪ್ಪು ತಿದ್ದಿ ಹಾಕ್ತೀನಿ ಅಂದಾಳ. ಹಾಕಲಿ. ತಿದ್ದಿದ್ದನ್ನ ಯಾರು ಶೇರ್ ಮಾಡ್ತಾರ?

ದಿನಾ ಶಾಂತವ್ವಗ ಫೋನ್ ಮಾಡ್ತೀನಿ. ಗಾಯ ಹೆಂಗೈತಿ ಅಂತ ಕೇಳ್ತೀನಿ. ಮಾಯಾಕತ್ತೈತಿ, ನೀ ಚಿಂತಿ ಮಾಡಬ್ಯಾಡ ಅಂತಾಳ.

ನನ್ನ ತಂಗಿ ಆಕಿ. ಆಕಿ ಮಾತು ನಾ ಹೆಂಗ ನಂಬಲಿ?