ಬೂದಿ ಹಚ್ಚಿದ ಜೋಳ

1944ರಲ್ಲಿ ನಾನು ಹುಕ್ಕೇರಿಯ ಧಾನ್ಯ ತಕರಾರು ಸಮಿತಿಯ ಸದಸ್ಯೆಯಾಗಿದ್ದೆ. ಒಂದು ದಿನ ಬೆಳಿಗ್ಗೆ ಎಂದಿನಂತೆ ರೊಟ್ಟಿ ಬಡಿದು, ವಕೀಲರಾಗಿದ್ದ ನಮ್ಮ ಯಜಮಾನರ ಕೋಟಿಗೆ ಗುಂಡಿ ಹೊಲಿದು, ಹಾಲಿಗೆ ಹೆಪ್ಪು ಹಾಕಿ ಕಚೇರಿಗೆ ಹೊರಟೆ. ಕಚೇರಿ ಎನ್ನಲು ಇವತ್ತಿಗೂ ಸಂಕೋಚ. ಬೆಳಗಾವಿಯ ಕಾನ್ವೆಂಟಿನಲ್ಲಿ ಇಂಗ್ಲಿಷ್ ಕಲಿತವಳೆಂದು ಆ ಕೆಲಸ ನನ್ನ ಪಾಲಿಗೆ ಬಂದಿತ್ತು, ಪಗಾರವಿರಲಿಲ್ಲ.

ಯುದ್ಧಕಾಲದಲ್ಲಿ ಸರ್ಕಾರ ರೈತರಿಂದ ಕಡ್ಡಾಯವಾಗಿ ಧಾನ್ಯ ಕೊಳ್ಳುತ್ತಿತ್ತು. ಅದಕ್ಕೆ ಲೆವಿ ಎನ್ನುತ್ತಿದ್ದರು. ಬಿತ್ತನೆ ಬೀಜಕ್ಕೆ ಲೆವಿ ಇರಲಿಲ್ಲ. ತಪ್ಪಿ ಒಯ್ದಿದ್ದರೆ ದೂರು ಕೇಳಲು ನಮ್ಮ ಸಮಿತಿ. ನಾವು ಲೆವಿ ನಡೆಸುತ್ತಿದ್ದ ಸಪ್ಲಾಯ್ ಖಾತೆಗೆ ಸೇರಿದವರಲ್ಲ, ಸ್ವತಂತ್ರರು. ಗೋದಾಮಿನ ಕೀಲಿ ಮಾತ್ರ ಖಾತೆಯವರ ಬಳಿಯೇ ಇತ್ತು.

ಅಂದು ಬಂದವಳು ಬೆಲ್ಲದ ಬಾಗೇವಾಡಿಯ ನೀಲವ್ವ, ವಿಧವೆ. ಹಿಂಗಾರಿ ಬಿತ್ತನೆಗೆ ಇಟ್ಟಿದ್ದ ಎರಡು ಚೀಲ ಜೋಳವನ್ನು ಲೆವಿಯವರು ಒಯ್ದಿದ್ದರು. ಸೆರಗಿನ ಗಂಟು ಬಿಚ್ಚಿ, ಮನೆಯಲ್ಲಿ ಚೆಲ್ಲಿ ಉಳಿದಿದ್ದ ಒಂದಿಷ್ಟು ಕಾಳನ್ನು ಮೇಜಿನ ಮೇಲಿಟ್ಟಳು. ಹುಳ ಹತ್ತದಿರಲೆಂದು ಕಾಳಿಗೆಲ್ಲ ಹಚ್ಚಿದ ಬೂದಿ, ನಡುವೆ ಒಂದು ಒಣ ಬೇವಿನೆಲೆ.

“ಇದು ಬೀಜದ್ದ ಅಂತ ಹೆಂಗ ನಂಬೂದವಾ?” ಎಂದರು ಸಮಿತಿಯ ಅಧ್ಯಕ್ಷರಾಗಿದ್ದ ನಿವೃತ್ತ ಮಾಸ್ತರರು.

“ತಿನ್ನೂ ಕಾಳಿಗೆ ಯಾರರ ಬೂದಿ ಹಚ್ಚತಾರೇನ್ರಿ, ಮಾಸ್ತರ? ನಮ್ಮತ್ತಿ ಕಾಲದಿಂದ ಚಲೋ ಚಲೋ ತೆನಿ ಆರಿಸಿ ಇಟ್ಟಗೋತ ಬಂದೇವ್ರಿ.”

ಮಾಸ್ತರರು ನಕ್ಕುಬಿಟ್ಟರು. ಬೀಜ ಮರಳಿಸಬೇಕೆಂದು ಎಲ್ಲರೂ ಒಪ್ಪಿದೆವು. ತೀರ್ಮಾನವನ್ನು ಇಂಗ್ಲಿಷಿನಲ್ಲಿ ಬರೆದು, ನೀಲವ್ವನನ್ನು ಕರೆದುಕೊಂಡು ನಾನೇ ಗೋದಾಮಿಗೆ ಹೋದೆ.

ಅಲ್ಲಿಯ ಅಧಿಕಾರಿ ಸಭ್ಯ ಮನುಷ್ಯ. ನನಗೆ ಕುರ್ಚಿ ಹಾಕಿಸಿ, ಓದಿ ನೋಡಿ, “ಸಮಿತಿ ಹೇಳಿದ ಮ್ಯಾಲ ಇಲ್ಲ ಅನ್ನೂದಿಲ್ರಿ, ಬಾಯಾರ. ಎರಡ ಚೀಲ ತೂಕಾ ಮಾಡಿಸಿ ಕೊಡತೇನಿ” ಎಂದರು.

“ಅಕಿ ಚೀಲನ ಕೊಡ್ರಿ.”

“ಅವು ಗೋಕಾಕದ ರೇಷನ್ನಿಗೆ ನಿನ್ನಿನ ಹೋದವ್ರಿ. ಖಾತೆದಾಗ ಜ್ವಾಳ ಅಂದ್ರ ಎಲ್ಲಾ ಜ್ವಾಳ ಒಂದ ರೀ.”

ಹಮಾಲರು ರಾಶಿಯಿಂದ ಎರಡು ಚೀಲ ತುಂಬಿದರು. ನೀಲವ್ವ ಒಂದು ಹಿಡಿ ತೆಗೆದು ಊದಿ ನೋಡಿದಳು. ಹತ್ತೂರಿನ ಕಾಳು, ಕೆಲವು ನುಸಿ ತಿಂದವು.

“ಇದನ್ನ ಬಿತ್ತಿದ್ರ ಏನ ಹುಟ್ಟತೈತ್ರಿ, ಬಾಯಾರ?”

ಅವಳು ಕೇಳಿದ್ದು ಅಧಿಕಾರಿಯನ್ನಲ್ಲ, ನನ್ನನ್ನು. ತೀರ್ಮಾನ ಅವಳ ಪರವಾಗಿಯೇ ಆಗಿತ್ತು, ಖಾತೆ ಅದನ್ನು ಪಾಲಿಸಿಯೂ ಇತ್ತು. ಇನ್ನೊಮ್ಮೆ ಬರೆಯಲು ನನ್ನ ಬಳಿ ದೂರೇ ಇರಲಿಲ್ಲ. ಎತ್ತಿನ ಚಕ್ಕಡಿ ತಂದಿದ್ದ ಅವಳ ಮೈದುನ ಚೀಲಗಳನ್ನು ಅದಕ್ಕೆ ಏರಿಸಿದ. ಅವಳು ಅವುಗಳಿಗೆ ಬೆನ್ನು ಮಾಡಿ ಕುಳಿತು ಹೋದಳು.

ಸರ್ಕಾರದ ಹೊರಗೆ ನಿಂತು ಸರಿ-ತಪ್ಪು ಹೇಳುವವರು ಬೇಕೆಂದು ಈಗಲೂ ನಂಬುತ್ತೇನೆ. ಆದರೆ ಅವರು ಹೇಳುವವರೆಗೆ ಚೀಲವನ್ನು ಇದ್ದಲ್ಲೇ ತಡೆದು ನಿಲ್ಲಿಸುವ ಅಧಿಕಾರವೂ ಅವರಿಗಿರಬೇಕು. ಇಲ್ಲದಿದ್ದರೆ ಅವರ ನ್ಯಾಯ ತೂಕಕ್ಕಷ್ಟೇ ಸರಿಹೋಗುತ್ತದೆ. ಆ ಕೆಲಸ ನನಗೆ ಕಲಿಸಿದ್ದು ಇಷ್ಟು.

ಆ ದಿನ ಸಂಜೆ ಬಾಜೂ ಮನೆಯ ಪದ್ಮಕ್ಕ ಕಟ್ಟೆಯ ಮೇಲೆ ಮೆಂತ್ಯದ ಸೊಪ್ಪು ಸೋಸುತ್ತ, ತಲೆ ಎತ್ತದೆಯೇ ಹೇಳಿದಳು: “ನಿಮ್ಮ ಸಮಿತಿ ಗೆದ್ದತಂತಲ್ರಿ. ಎರಡ ಚೀಲ ಒಯ್ದಿದ್ರು, ಎರಡೂ ತಿರುಗಿ ಬಂದುವಂತ. ಸರ್ಕಾರದಾಗ ಇಷ್ಟ ಲಗೂ ಕೆಲಸಾ ಆಗೂದು ನಾ ಅಂತೂ ನೋಡಿಲ್ಲ ಬಿಡ್ರಿ.”