ಏರಿನಲ್ಲಿ ನಿಂತ ಐವತ್ತು ಎಚ್‌ಪಿ

ಬೆಳಗ್ಗೆ ಏಳೂಕಾಲಿಗೆ ತಕ್ಕಡಿ ತನ್ನ ಟ್ರ್ಯಾಕ್ಟರಿನ ಬಾನೆಟ್ ಮೇಲಿದ್ದ ಸ್ಟಿಕರನ್ನು ಉಗುರಿನಿಂದ ಕೆರೆಯುತ್ತಿದ್ದ. ‘50 ಎಚ್‌ಪಿ’ ಎಂಬುದರ ಅಡಿಯಲ್ಲಿ ಬೇರೆ ಸಂಖ್ಯೆ ಇದ್ದೀತೆಂಬ ಗುಮಾನಿ. ಐದರ ಬಾಲ ಕಿತ್ತುಬಂತು. ಅಡಿಯಲ್ಲಿ ಬರೀ ಕೆಂಪು ಬಣ್ಣ. ಗಾಡಿ ಮಾರಿದ ಭಾವ ಬಣ್ಣವನ್ನೂ ಹೊಸದಾಗಿ ಹೊಡೆಸಿದ್ದಾನೆ ಎಂದುಕೊಂಡ.

ತಕ್ಕಡಿ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಒಂದು ಅಂಗಡಿಯಲ್ಲಿ ಕೊಂಡ ಮೊಳೆಯನ್ನು ಇನ್ನೊಂದು ಅಂಗಡಿಯಲ್ಲಿ ತೂಗಿಸಿ ನೋಡುವವನಿಗೆ ಊರು ಕೊಟ್ಟ ಹೆಸರು. ಹನ್ನೊಂದು ವರ್ಷದಿಂದ ಗದ್ದೆಯಿಂದ ಕಾರ್ಖಾನೆಗೆ ಕಬ್ಬು ಸಾಗಿಸುತ್ತಿದ್ದಾನೆ. ಹಳೆಯ ಮೂವತ್ತೈದು ಎಚ್‌ಪಿಯ ಟ್ರ್ಯಾಕ್ಟರ್ ಒಂದೇ ಟ್ರೇಲರ್ ಎಳೆಯುತ್ತಿತ್ತು. ಈ ಹಂಗಾಮಿಗೆ ಮುಂಚೆ ಅದನ್ನು ಮಾರಿ, ಅಕ್ಕನ ಗಂಡನಿಂದ ಐವತ್ತರದು ಕೊಂಡು, ಎರಡು ಟ್ರೇಲರ್ ಎಳೆಯಲು ಕಾರ್ಖಾನೆಯಿಂದ ಜೋಡಿ ಚೀಟಿ ಪಡೆದ. ಆದರೆ ಗೇಟಿಗೆ ಮುಂಚಿನ ಏರಿನಲ್ಲಿ ಗಾಡಿ ಎರಡು ಸಲ ನಿಂತಿತು. ಮೂರನೇ ಸಲ ನಿಂತರೆ ಜೋಡಿ ಚೀಟಿ ರದ್ದು ಎಂದು ಯಾರ್ಡಿನ ಮೇಲ್ವಿಚಾರಕ ಹೇಳಿಬಿಟ್ಟ. ಅಷ್ಟೇ ಕಬ್ಬು ಹೊತ್ತ ಬೇರೆಯವರ ಐವತ್ತರ ಗಾಡಿಗಳು ಆ ಏರನ್ನು ಎರಡನೇ ಗೇರಿನಲ್ಲಿ ಹತ್ತುತ್ತಿದ್ದವು.

ಭಾವ ನಲವತ್ತರ ಎಂಜಿನ್ನಿಗೆ ಐವತ್ತರ ಬಾನೆಟ್ ಕೂರಿಸಿ ಕೊಟ್ಟಿದ್ದಾನೆ ಎಂಬ ತೀರ್ಮಾನಕ್ಕೆ ತಕ್ಕಡಿ ಬಂದಿದ್ದ. ಗಾಡಿ ಕೊಡುವಾಗ ಒಂದು ಹೊಸ ಟಾರ್ಪಾಲನ್ನೂ ಪುಕ್ಕಟೆ ಕೊಟ್ಟಿದ್ದನಲ್ಲ? ಒಳಗೆ ಹುಳುಕಿಲ್ಲದೆ ಯಾರು ಹಾಗೆ ಕೊಡುತ್ತಾರೆ?

ಮಾತು ಅಕ್ಕನ ಕಿವಿಗೂ ಬಿತ್ತು. ಏಳು ವರ್ಷ ಗಂಡನೊಂದಿಗೆ ಸರದಿಯ ಮೇಲೆ ಅದೇ ಟ್ರ್ಯಾಕ್ಟರ್ ಓಡಿಸಿದವಳು. ಅಂದು ಕಬ್ಬು ತುಂಬಿ ಮುಗಿಯುವ ಹೊತ್ತಿಗೆ ಗದ್ದೆಯಂಚಿನಲ್ಲಿ ಬಂದು ನಿಂತಳು.

“ನನ್ನ ಗಂಡ ನಿನಗೆ ಟೋಪಿ ಹಾಕಿದ ಅಂತ ಹೇಳ್ಕೊಂಡು ತಿರುಗ್ತಿದ್ದೀಯಂತೆ.”

“ಟೋಪಿ ಅಂದಿಲ್ಲ ಅಕ್ಕ. ಬಾನೆಟ್ ಅಂದೆ.”

“ನಡಿ, ನಾನೂ ಬರ್ತೀನಿ. ನಾನು ನೋಡಿದ ಮೇಲೂ ಅದು ಹತ್ತಲ್ಲ ಅಂದ್ರೆ ತಂದು ನಮ್ಮ ಅಂಗಳದಲ್ಲಿ ನಿಲ್ಲಿಸು. ಆಮೇಲೆ ಮಾತ್ರ ನಮ್ಮ ಹೊಸ್ತಿಲು ತುಳೀಬೇಡ.”

ಅವಳು ಮಡ್‌ಗಾರ್ಡ್ ಮೇಲೆ ಕುಳಿತಳು. ತಾನು ಗೇರ್ ಹಾಕುವ ರೀತಿಯಲ್ಲಿ ತಪ್ಪು ಹುಡುಕಿ ಗಂಡನಿಗೆ ಒಪ್ಪಿಸಲು ಬಂದಿದ್ದಾಳೆಂದು ಅವನಿಗೆ ಅನಿಸಿತು. ದಾರಿಯುದ್ದಕ್ಕೂ ಗೇರ್ ಬದಲಿಸುವಾಗಲೆಲ್ಲ ಅವಳ ಮುಖ ನೋಡಿದ.

ದೊಡ್ಡ ಏರಿಗೆ ಅರ್ಧ ಮೈಲಿ ಮುಂಚೆ ಒಂದು ಸಣ್ಣ ದಿಬ್ಬವಿದೆ. ಅಲ್ಲಿಯೇ ಗಾಡಿ ತಿಣುಕಿತು. ಅಕ್ಕ ಕೆಳಗಿಳಿದು ಚಕ್ರದ ಪಕ್ಕ ನಾಲ್ಕು ಹೆಜ್ಜೆ ನಡೆದು, ಕೈಯೆತ್ತಿ ನಿಲ್ಲಿಸಿದಳು.

“ಎಂಜಿನ್ ಸೋತ್ರೆ ಸದ್ದು ತಗ್ಗಬೇಕು, ಹೊಗೆ ಕಪ್ಪಗಾಗಬೇಕು. ಎರಡೂ ಆಗ್ಲಿಲ್ಲ. ಶಕ್ತಿ ಇದೆ ಕಣೋ, ಚಕ್ರಕ್ಕೆ ಹಿಡಿತ ಇಲ್ಲ. ನಿಂತಲ್ಲೇ ಜಾರಿ ತಿರುಗ್ತಿದೆ.”

ಆಮೇಲೆ ಮುಂದಿನ ಟ್ರೇಲರ್ ನೋಡಿದಳು. ಎರಡೇ ಚಕ್ರದ ಅದರ ಮುಂಭಾಗ ಎರಡು ಮೊಳ ಖಾಲಿ. ಕಬ್ಬೆಲ್ಲ ಹಿಂದೆ ರಾಶಿ.

“ಇಲ್ಲಿ ಯಾಕೆ ಖಾಲಿ ಬಿಟ್ಟಿದ್ದಾರೆ?”

ತಕ್ಕಡಿ ಬೆನ್ನು ಮುಟ್ಟಿಕೊಂಡ. “ನಾನೇ ಹೇಳಿದ್ದು. ತಿರುವಿನಲ್ಲಿ ಕಬ್ಬಿನ ತುದಿ ಬೆನ್ನಿಗೆ ಚುಚ್ಚುತ್ತೆ.”

“ಬೆನ್ನು ಉಳಿಸ್ಕೊಂಡೆ, ಗಾಡಿ ಮುಳುಗಿಸ್ದೆ. ಹಿಂದೆ ಭಾರ ಬಿದ್ದಾಗ ಟ್ರೇಲರ್ ಮೂತಿ ಮೇಲಕ್ಕೆದ್ದು ಟ್ರ್ಯಾಕ್ಟರಿನ ಹಿಂಭಾಗವನ್ನೂ ಎತ್ತುತ್ತೆ. ಆ ಚಕ್ರ ನೆಲ ಒತ್ತದೆ ಎಳೆಯೋದು ಹೇಗೆ? ಹಳೇದರಲ್ಲಿ ಒಂದೇ ಟ್ರೇಲರ್, ನಡೀತು.”

ಇಬ್ಬರೂ ಸೇರಿ ಮುಕ್ಕಾಲು ಗಂಟೆ ಹೊರೆಗಳನ್ನು ಹಿಂದಿನಿಂದ ಮುಂದಕ್ಕೆ ಸಾಗಿಸಿದರು. “ಸಾಕು, ಟ್ರ್ಯಾಕ್ಟರಿನ ಮುಂದಿನ ಚಕ್ರ ನೆಲ ಬಿಡೋವಷ್ಟು ಬೇಡ” ಎಂದು ಅಕ್ಕ ನಿಲ್ಲಿಸಿದಳು. ದೊಡ್ಡ ಏರನ್ನು ಗಾಡಿ ಎರಡನೇ ಗೇರಿನಲ್ಲಿ ಹತ್ತಿತು. ಗೇಟಿನಲ್ಲಿ ಮೇಲ್ವಿಚಾರಕ ಚೀಟಿಗೆ ಎಂದಿನಂತೆ ಮುದ್ರೆ ಒತ್ತಿದ.

“ಇವತ್ತು ರಸ್ತೆ ಒಣಗಿತ್ತು” ಎಂದ ತಕ್ಕಡಿ.

“ಒಂದು ತಿಂಗಳಿಂದ ಒಣಗೇ ಇದೆ” ಎಂದಳು ಅಕ್ಕ.

ಈಗ ಕಬ್ಬು ತುಂಬುವವರು ಮುಂಭಾಗವನ್ನೂ ತುಂಬುತ್ತಾರೆ. ಬೆನ್ನಿಗೆ ಚುಚ್ಚದಂತೆ ಸೀಟಿನ ಹಿಂದೆ ಅವನು ಒಂದು ಹಲಗೆ ಕಟ್ಟಿಸಿಕೊಂಡಿದ್ದಾನೆ. ಬರುವ ಭಾನುವಾರ ಅಕ್ಕನ ಮನೆಗೆ ಊಟಕ್ಕೆ ಹೋಗಬೇಕು, ಕರೆದದ್ದು ಭಾವ. ಒಳಗೆ ಏನಿಟ್ಟುಕೊಂಡು ಕರೆದ ಎಂಬ ಗುಮಾನಿ ಅವನಿಗೆ ಇನ್ನೂ ಹೋಗಿಲ್ಲ.